ಏಳು ಬಟ್ಟಲಿನ ಡಬ್ಬಿ: ಮುಂಬಯಿ ಹತ್ತಿರದ ಡೊಂಬಿವಲಿಯ ಅಡುಗೆಮನೆಯಲ್ಲಿ ರುಚಿಜೋಡಿಗಳ ರಿಪೇರಿ

ಕೆಲಸ ಇಷ್ಟೇ: ವಾರದ ದಿನಗಳ ಅಡುಗೆಗೆ ಬೇಕಾದ ರುಚಿಜೋಡಿಗಳೆಲ್ಲ (ಒಂದಕ್ಕೊಂದು ಹೊಂದುವ ಸಾಮಾನುಗಳು) ಒಂದೇ ಸ್ಟೀಲ್ ಮಸಾಲೆ ಡಬ್ಬಿಯಿಂದ ಹೊರಡಬೇಕು. ಡಬ್ಬಿ ಮಾಮೂಲಿಯದೇ, ನಡುವೆ ಒಂದು, ಸುತ್ತ ಆರು ಬಟ್ಟಲು. ಒಂದೊಂದರಲ್ಲಿ ಹೆಚ್ಚುಕಡಿಮೆ 100 ಮಿ.ಲೀ. ಹಿಡಿಯುತ್ತದೆ. ಬೆಲೆ 640 ರೂಪಾಯಿ. ಮೊದಲು ಅದರಲ್ಲಿ ಇದ್ದದ್ದು ಸಾಸಿವೆ, ಜೀರಿಗೆ, ಅರಿಸಿನ, ಮೆಣಸಿನ ಪುಡಿ, ಧನಿಯಾ ಪುಡಿ, ಗರಂ ಮಸಾಲೆ, ಇಂಗು. ಎದುರಿಗೆ ಇದ್ದದ್ದಕ್ಕೇ ಕೈ ಹೋಗುತ್ತದೆ ನೋಡಿ. ಬೆಂಡೆಗೂ ಅದೇ, ಅಲಸಂಡೆಗೂ ಅದೇ, ಬೇಳೆಗೂ ಅದೇ. ಮೂರು ದಿನದ ಪಲ್ಯ ಕಣ್ಣುಮುಚ್ಚಿ ತಿಂದರೆ ಒಂದೇ ಪಲ್ಯ. ಏಪ್ರಿಲ್‌ನಲ್ಲಿ ಡಬ್ಬಿ ಪೂರ್ತಿ ಖಾಲಿ ಮಾಡಿ, ಬಿಡಿ ಸಾಮಾನಿನ ಲೆಕ್ಕ ಬಿಟ್ಟು ಜೋಡಿಯ ಲೆಕ್ಕದಲ್ಲಿ ತುಂಬಿಸಲು ಶುರು.

ಹತ್ಯಾರಗಳು: ಒಂದು ಗ್ರಾಂವರೆಗೆ ತೋರಿಸುವ ತಕ್ಕಡಿ, ಅಳತೆ ಚಮಚ (ಟೀ ಚಮಚ ಎಂದರೆ 5 ಮಿ.ಲೀ., ತಲೆ ತಟ್ಟಿದ್ದು), ಕಬ್ಬಿಣದ ಬಾಣಲೆ, ಕಲ್ಲಿನ ಸಣ್ಣ ಕುಟ್ಟಣಿ, ಮಿಕ್ಸಿಯ ಚಟ್ನಿ ಜಾರು. ಲೋಟ ಎಂದಲ್ಲೆಲ್ಲ 200 ಮಿ.ಲೀ.

ಏಪ್ರಿಲ್ 12. ಮೆಣಸು

ಮುಂಬಯಿಯ ಕರಿ ರೋಡ್ ಸ್ಟೇಷನ್‌ನಲ್ಲಿ ಇಳಿದು ಲಾಲ್‌ಬಾಗ್‌ನ ಮಿರ್ಚಿ ಗಲ್ಲಿಗೆ. ಏಪ್ರಿಲ್, ಮೇ ಅಂದರೆ ಅಲ್ಲಿ ವರ್ಷದ ಮಸಾಲೆ ಕುಟ್ಟಿಸುವ ಕಾಲ. ಗಲ್ಲಿಯ ಬಾಯಲ್ಲೇ ಸೀನು ಶುರುವಾಗುತ್ತದೆ. ಚೀಲಗಳ ಮೇಲಿನ ಹೆಸರು ಓದುತ್ತ ಹೋದರೆ ಬೇಡ್ಗಿ, ಸಂಕೇಶ್ವರಿ, ಪಾಂಡಿ, ರೇಶಂಪಟ್ಟಿ, ಕಾಶ್ಮೀರಿ. ಮೊದಲ ಎರಡು ನಮ್ಮ ಊರುಗಳೇ: ಒಂದು ಹಾವೇರಿ ಜಿಲ್ಲೆಯ ಬ್ಯಾಡಗಿ, ಇನ್ನೊಂದು ಬೆಳಗಾವಿ ಜಿಲ್ಲೆಯ ಸಂಕೇಶ್ವರ. ಬ್ಯಾಡಗಿಗೆ 2011ರಿಂದ ಭೌಗೋಳಿಕ ಸೂಚಕದ ಗುರುತು ಇದೆ. ಅದರಲ್ಲೂ ಎರಡು ಬಗೆ. ಕಡ್ಡಿ ಎನ್ನುವುದು ಉದ್ದ, ತೆಳ್ಳಗೆ, ಸುಕ್ಕು ಜಾಸ್ತಿ. ಡಬ್ಬಿ ಎನ್ನುವ ಮೆಣಸು ಗಿಡ್ಡ, ದಪ್ಪ. ನಮಗೆ ಬೇಕಾದದ್ದು ಕಡ್ಡಿ.

ತಂದದ್ದು: ಬ್ಯಾಡಗಿ ಕಡ್ಡಿ 250 ಗ್ರಾಂ 130 ರೂಪಾಯಿ, ಸಂಕೇಶ್ವರಿ 100 ಗ್ರಾಂ 40, ಧನಿಯಾ ಅರ್ಧ ಕಿಲೋ 115, ಜೀರಿಗೆ 200 ಗ್ರಾಂ 80, ಮೆಂತ್ಯ 100 ಗ್ರಾಂ 15.

ಬ್ಯಾಡಗಿ ಕೊಳ್ಳುವಾಗ ಬಗ್ಗಿಸಿ ನೋಡಬೇಕು. ಚರ್ಮದ ಹಾಗೆ ಬಗ್ಗಿದರೆ ತೇವ ಇದೆ, ತೂಕಕ್ಕೆ ನೀರು ಕೊಂಡ ಹಾಗೆ. ಪಟ್ಟನೆ ಮುರಿದು ಪುಡಿಯಾದರೆ ಹಳೆಯದು. ಬಗ್ಗಿ, ಆಮೇಲೆ ಮುರಿಯಬೇಕು. ತೊಟ್ಟು ಮತ್ತು ಉದುರಿದ ಬೀಜ ತೆಗೆದ ಮೇಲೆ 250 ಗ್ರಾಂ ಇದ್ದದ್ದು 226ಕ್ಕೆ ಇಳಿಯಿತು. ಕೆಳಗಿನ ಅಳತೆಗಳೆಲ್ಲ ತೊಟ್ಟು ತೆಗೆದ ಮೇಲಿನವು.

ಏಪ್ರಿಲ್ 13. ಹುಳಿಪುಡಿ, ಮೊದಲ ಸಲ. ಕೆಟ್ಟಿತು

ಜೋಡಿ: ಧನಿಯಾ ಮತ್ತು ಮೆಂತ್ಯ. ಹುಳಿಯ ಬೆನ್ನೆಲುಬು ಇದೇ. ಮೆಣಸು ಬಣ್ಣಕ್ಕೆ, ಖಾರಕ್ಕೆ.

ಧನಿಯಾ 160 ಗ್ರಾಂ, ಜೀರಿಗೆ 40, ಮೆಂತ್ಯ 20, ಸಂಕೇಶ್ವರಿ 60. ಧನಿಯಾ, ಜೀರಿಗೆ, ಮೆಂತ್ಯ ಮೂರನ್ನೂ ಒಟ್ಟಿಗೆ ಬಾಣಲೆಗೆ ಹಾಕಿ ಎಂಟು ನಿಮಿಷ ಹುರಿದದ್ದು. ಬಿಸಿ ಆರುವ ಮೊದಲೇ ಮಿಕ್ಸಿಗೆ.

ತಪ್ಪುಗಳು ನಾಲ್ಕು. ಒಂದು, ಮೆಂತ್ಯ ಜಾಸ್ತಿ. ಧನಿಯಾದ ಇಪ್ಪತ್ತನೇ ಒಂದು ಪಾಲು ಸಾಕು, ಹಾಕಿದ್ದು ಎಂಟನೇ ಒಂದು. ಎರಡು, ಒಟ್ಟಿಗೆ ಹುರಿದದ್ದು. ಧನಿಯಾದ ಘಮ ಏಳುವ ಹೊತ್ತಿಗೆ ಜೀರಿಗೆ ಕಪ್ಪಾಗಿರುತ್ತದೆ, ಮೆಂತ್ಯ ಕಾಫಿ ಬೀಜದ ಬಣ್ಣಕ್ಕೆ ಬಂದಿರುತ್ತದೆ. ಮೆಂತ್ಯ ಹೊಂಬಣ್ಣದಿಂದ ಇಟ್ಟಿಗೆ ಬಣ್ಣಕ್ಕೆ ತಿರುಗುವವರೆಗೆ ಮಾತ್ರ ರುಚಿ. ಅದರಾಚೆ ಹೋದ ಕಹಿಯನ್ನು ಬೆಲ್ಲವೂ ಮುಚ್ಚುವುದಿಲ್ಲ. ಮೂರು, ಬರೀ ಸಂಕೇಶ್ವರಿ. ಬಣ್ಣ ಮಸುಕು, ಖಾರ ಗಂಟಲಿಗೆ. ನಾಲ್ಕು, ಬಿಸಿಯಲ್ಲೇ ಅರೆದದ್ದು. ಜಾರಿನ ಮುಚ್ಚಳದ ಒಳಗೆ ಹನಿ ಕಟ್ಟಿ ಪುಡಿ ಮುದ್ದೆಯಾಯಿತು.

280 ಗ್ರಾಂ ಕಸಕ್ಕೆ. ಸುಮಾರು 80 ರೂಪಾಯಿಯ ಮಾಲು.

ಏಪ್ರಿಲ್ 19. ಹುಳಿಪುಡಿ, ಎರಡನೇ ಸಲ

ಧನಿಯಾ 160, ಬ್ಯಾಡಗಿ 50, ಸಂಕೇಶ್ವರಿ 10, ಜೀರಿಗೆ 40, ಮೆಂತ್ಯ 8, ಕರಿಬೇವು ಎರಡು ಎಸಳು, ತೆಂಗಿನೆಣ್ಣೆ ಒಂದು ಟೀ ಚಮಚ. ಒಂದೊಂದಾಗಿ, ಸಣ್ಣುರಿಯಲ್ಲಿ:

ಮೆಂತ್ಯ ಎಣ್ಣೆಯಿಲ್ಲದೆ, ಮೂರು ನಿಮಿಷ. ಇಟ್ಟಿಗೆ ಬಣ್ಣ ಬಂದ ಕೂಡಲೇ ತಟ್ಟೆಗೆ. ಬಾಣಲೆಯಲ್ಲೇ ಬಿಟ್ಟರೆ ಕಬ್ಬಿಣದ ಬಿಸಿಗೆ ಮತ್ತೂ ಹುರಿಯುತ್ತದೆ. ಧನಿಯಾ ಆರು ನಿಮಿಷ, ಬೆರಳಲ್ಲಿ ಒತ್ತಿದರೆ ಒಡೆಯುವಷ್ಟು. ಜೀರಿಗೆ ಒಂದೂವರೆ ನಿಮಿಷ. ಕೊನೆಗೆ ಎಣ್ಣೆ ಹಾಕಿ ಮೆಣಸು, ಕರಿಬೇವು. ಮೆಣಸು ಉಬ್ಬಿ ಹೊಳಪು ಬಂದರೆ ಆಯಿತು. ಅಗಲ ತಟ್ಟೆಯಲ್ಲಿ ನಲವತ್ತು ನಿಮಿಷ ಆರಿಸಿ, ಮಿಕ್ಸಿಯನ್ನು ಹತ್ತು ಹತ್ತು ಸೆಕೆಂಡಿಗೆ ನಿಲ್ಲಿಸುತ್ತ ಅರೆದದ್ದು.

ಮಿಕ್ಸಿಯ ಕಾಟ ಬೇಡವೆಂದು ಅರ್ಧ ಪಾಲನ್ನು ಹತ್ತಿರದ ಗಿರಣಿಗೂ ಕೊಟ್ಟು ನೋಡಿದೆ. ಅಷ್ಟು ಕಡಿಮೆ ಮಾಲು ಗಿರಣಿಗೆ ಕೊಡಲೇಬಾರದು. ನಮಗಿಂತ ಮುಂಚೆ ಅರೆಸಿದವರ ಮಾಲ್ವಣಿ (ಮಹಾರಾಷ್ಟ್ರದ ಕರಾವಳಿಯ) ಮಸಾಲೆಯ ಲವಂಗ, ಬಡೇಸೋಪು ನಮ್ಮದರಲ್ಲಿ ಬಂತು. ಆ ಪುಡಿಯ ಹುಳಿ ಉಡುಪಿಗೂ ಸೇರದು, ಮಾಲ್ವಣಕ್ಕೂ ಸೇರದು. ಕಿಲೋಗಿಂತ ಕಡಿಮೆಯಿದ್ದರೆ ಮನೆಯ ಮಿಕ್ಸಿಯೇ ಸರಿ.

ಬಳಕೆ: ಅರ್ಧ ಲೋಟ ತೊಗರಿಬೇಳೆಯ ಹುಳಿಗೆ ಪುಡಿ ಎರಡು ಟೀ ಚಮಚ, ಅರ್ಧ ಲೋಟ ತೆಂಗಿನತುರಿಯ ಜೊತೆ ಅರೆದು. ತೆಂಗು ಇಲ್ಲದ ದಿನ ಅದೇ ಪುಡಿ ಒಂದೂವರೆ ಚಮಚ ಸಾರಿಗೆ. ಸಾರಿಗೆ ಹಾಕುವುದಾದರೆ ಇಳಿಸುವ ಐದು ನಿಮಿಷ ಮುಂಚೆ. ಇಪ್ಪತ್ತು ನಿಮಿಷ ಕುದಿಸಿದರೆ ಘಮವೆಲ್ಲ ಪಕ್ಕದ ಫ್ಲ್ಯಾಟಿಗೆ.

ಏಪ್ರಿಲ್ 26. ಬೆಳ್ಳುಳ್ಳಿ ಒಂದು ಕಡೆ, ಇಂಗು ಇನ್ನೊಂದು ಕಡೆ

ಇಲ್ಲಿ ನಿಯಮ ಒಂದೇ. ಬೆಳ್ಳುಳ್ಳಿ ಬಿದ್ದ ಪಾತ್ರೆಗೆ ಇಂಗು ಬೇಡ, ಇಂಗಿನ ಪಾತ್ರೆಗೆ ಬೆಳ್ಳುಳ್ಳಿ ಬೇಡ. ಎರಡೂ ಹಾಕಿ ನೋಡಿದ್ದಾಯಿತು. ಎರಡೂ ಜೋರು ದನಿಯವು, ಕೇಳಿಸುವುದು ಗದ್ದಲ ಮಾತ್ರ.

ಬೆಳ್ಳುಳ್ಳಿ ಮತ್ತು ತೆಂಗಿನೆಣ್ಣೆ: ಕರಾವಳಿಯ ತೆಂಗಿನ ಮೇಲೋಗರವಾದ ಕೊದ್ದೆಲ್‌ಗೆ. ಮಾಟುಂಗಾ ಪೂರ್ವದ ಮಾರ್ಕೆಟಿನಲ್ಲಿ ಸಿಕ್ಕಿದ ಮಂಗಳೂರು ಸೌತೆ ಅರ್ಧ ಕಿಲೋ. ಸಿಪ್ಪೆ ಸಮೇತ ದಪ್ಪ ಹೋಳು. ತೆಂಗಿನತುರಿ 80 ಗ್ರಾಂ, ಹುರಿದ ಬ್ಯಾಡಗಿ 6, ಗೋಲಿಯಷ್ಟು ಹುಣಸೆ ಸೇರಿಸಿ ನುಣ್ಣಗೆ ಅರೆಯುವುದು. ಧನಿಯಾ ಹಾಕುವುದಿಲ್ಲ, ಹಾಕಿದರೆ ಅದು ಹುಳಿಯಾಗುತ್ತದೆ. ಒಗ್ಗರಣೆಗೆ ಬೆಳ್ಳುಳ್ಳಿ 10 ಎಸಳು, ಸಿಪ್ಪೆ ಸಮೇತ ಜಜ್ಜಿ, ತೆಂಗಿನೆಣ್ಣೆ ಒಂದು ದೊಡ್ಡ ಚಮಚ.

ಮೊದಲ ಸಲ ಎಣ್ಣೆ ಹೊಗೆಯಾಡುವಾಗ ಬೆಳ್ಳುಳ್ಳಿ ಹಾಕಿದ್ದು. ಹೊರಗೆ ಕರಕಲು, ಒಳಗೆ ಹಸಿ. ಎರಡನೇ ಸಲ ತಣ್ಣಗಿನ ಎಣ್ಣೆಯಲ್ಲೇ ಹಾಕಿ ಆಮೇಲೆ ಒಲೆ ಹಚ್ಚಿದೆ. ಮೊದಲು ಸುತ್ತ ಸಣ್ಣ ಗುಳ್ಳೆ, ಆಮೇಲೆ ಸಿಪ್ಪೆ ಕಾಗದದ ಹಾಗೆ ಬಿಚ್ಚಿಕೊಳ್ಳುತ್ತದೆ, ನಾಲ್ಕನೇ ನಿಮಿಷಕ್ಕೆ ಅಂಚು ಜೇನಿನ ಬಣ್ಣ. ಪೂರ್ತಿ ಕೆಂಪಾಗಲಿ ಎಂದು ಕಾಯಬಾರದು. ಸೌಟಿನ ಬಿಸಿ ಉಳಿದ ಕೆಲಸ ಮಾಡುತ್ತದೆ. ಕೊದ್ದೆಲಿಗೆ ಸುರಿದ ಕೂಡಲೇ ಮುಚ್ಚಳ, ಐದು ನಿಮಿಷ ತೆಗೆಯಬೇಡಿ.

ಇಂಗು ಮತ್ತು ಹಸಿಮೆಣಸು: ತೋವೆಗೆ. ಅರ್ಧ ಲೋಟ ತೊಗರಿಬೇಳೆ ಬೇಯಿಸಿ ಕಡೆದು, ಸೀಳಿದ ಹಸಿಮೆಣಸು ಮೂರು. ಡಬ್ಬಿಯಲ್ಲಿದ್ದ ಪುಡಿ ಇಂಗಿನಲ್ಲಿ ಹಿಟ್ಟು ಬೆರೆತಿರುತ್ತದೆ. ಬಿಸಿ ಎಣ್ಣೆಯಲ್ಲಿ ಆ ಹಿಟ್ಟೇ ಮೊದಲು ಸೀಯುತ್ತದೆ. ಗಟ್ಟಿ ಇಂಗು ಕಡಲೆಯ ಅರ್ಧದಷ್ಟು, ಎರಡು ಚಮಚ ನೀರಲ್ಲಿ ಅರ್ಧ ಗಂಟೆ ನೆನೆಸಿ, ಒಲೆ ಆರಿಸಿದ ಮೇಲೆ ತೋವೆಗೆ ಹಾಕುವುದೇ ಮೇಲು. ಒಗ್ಗರಣೆಗೆ ಬರೀ ಸಾಸಿವೆ, ಎರಡು ಬ್ಯಾಡಗಿ, ಕರಿಬೇವು.

ಇಂಗು ಡಬ್ಬಿಯಿಂದ ಹೊರಗೆ ಹೋದದ್ದೂ ಇದೇ ದಿನ. ಏಳು ಬಟ್ಟಲಿಗೆ ಒಂದೇ ಮುಚ್ಚಳ. ಹದಿನೈದು ದಿನದಲ್ಲಿ ಜೀರಿಗೆಗೂ ಇಂಗಿನ ವಾಸನೆ ಹತ್ತಿತ್ತು. ಈಗ ಹಳೆಯ ಗಾಜಿನ ಶೀಶೆಯಲ್ಲಿ ಬೇರೆ ಕೂತಿದೆ.

ಮೇ 3. ಜೀರಿಗೆ, ಕಾಳುಮೆಣಸು, ತುಪ್ಪ

ಇದರಲ್ಲಿ ಕೆಡುವುದು ಕಡಿಮೆ. ಜೀರಿಗೆ ಎರಡು ಪಾಲು, ಕಾಳುಮೆಣಸು ಒಂದು ಪಾಲು, ತುಪ್ಪದಲ್ಲಿ ಬಿಸಿ ಮಾಡಿ ತರಿತರಿ ಕುಟ್ಟುವುದು. ಬೇಳೆಕಟ್ಟಿನ ಸಾರು, ಹೀರೆಕಾಯಿ, ಸೋರೆಕಾಯಿ, ಅವಲಕ್ಕಿ, ಎಲ್ಲದಕ್ಕೂ ನಡೆಯುತ್ತದೆ. ಕಿಟಕಿಯ ಗ್ರಿಲ್‌ನ ಕುಂಡದಲ್ಲಿ ದೊಡ್ಡಪತ್ರೆ ಇದ್ದರೆ ತಂಬುಳಿ: ಎಲೆ 12, ಜೀರಿಗೆ ಅರ್ಧ ಚಮಚ, ಕಾಳುಮೆಣಸು 6, ತೆಂಗಿನತುರಿ ಕಾಲು ಲೋಟ, ಮಜ್ಜಿಗೆ ಒಂದು ಲೋಟ. ಎಲೆಯನ್ನು ತುಪ್ಪದಲ್ಲಿ ಪೂರ್ತಿ ಬಾಡಿಸಬೇಕು. ಅರೆಬಾಡಿದರೆ ತಂಬುಳಿಗೆ ಹಸಿ ಸೊಪ್ಪಿನ ಒಗರು. ಮಜ್ಜಿಗೆ ಸೇರಿದ ಮೇಲೆ ಒಲೆಯ ಹತ್ತಿರವೂ ಒಯ್ಯಬಾರದು.

ಮೇ 10. ಹಸಿ ಸಾಸಿವೆ ಮತ್ತು ತೆಂಗು

ಮಾವಿನಹಣ್ಣಿನ ಸಾಸಿವೆ ಎಂಬ ಗೊಜ್ಜಿಗೆ. ಹಾಪುಸ್ ಇದಕ್ಕೆ ದಂಡ. ಅದನ್ನು ಕತ್ತರಿಸಿ ಹಾಗೇ ತಿನ್ನಿ. ಬೇಕಾದದ್ದು ನಾರು, ಹುಳಿ, ಸೊನೆಯ ವಾಸನೆ ಇರುವ ಸಣ್ಣ ಹಣ್ಣು. ಊರಲ್ಲಿ ಕಾಟುಮಾವು ಎನ್ನುವ ಜಾತಿಯದ್ದು. ಇಲ್ಲಿ ಕೊಂಕಣದಿಂದ ಬರುವ ರಾಯವಳ್ ಅದರ ಜಾಗ ತುಂಬುತ್ತದೆ. ಸ್ಟೇಷನ್ ಹೊರಗೆ ಬುಟ್ಟಿಯಲ್ಲಿ ಡಜನ್‌ಗೆ 120 ರೂಪಾಯಿ.

ಹಣ್ಣು 6, ತೆಂಗಿನತುರಿ 80 ಗ್ರಾಂ, ಹುರಿದ ಬ್ಯಾಡಗಿ 3, ಬೆಲ್ಲ 30 ಗ್ರಾಂ, ಉಪ್ಪು. ಸಾಸಿವೆ ಎಷ್ಟು ಎಂಬಲ್ಲೇ ಎಡವಿದ್ದು. ಹೆಸರೇ ಸಾಸಿವೆ ಎಂದು ಒಂದೂವರೆ ಟೀ ಚಮಚ ಹಾಕಿ, ತೆಂಗಿನ ಜೊತೆಗೇ ಐದು ನಿಮಿಷ ತಿರುಗಿಸಿದೆ. ಮೂಗಿಗೆ ಹತ್ತಿದ್ದು ಹೋಗಲಿ, ಕಹಿ. ಸಾಯಂಕಾಲಕ್ಕೆ ಇನ್ನೂ ಕಹಿ.

ಮರುದಿನ ಅರ್ಧ ಚಮಚಕ್ಕೆ ಇಳಿಸಿ, ತೆಂಗು, ಮೆಣಸು ಪೂರ್ತಿ ನುಣ್ಣಗಾದ ಮೇಲೆ ಸಾಸಿವೆ ಹಾಕಿ ಬರೀ ಮೂವತ್ತು ಸೆಕೆಂಡು. ಕಿವುಚಿದ ಹಣ್ಣಿಗೆ ಬೆರೆಸಿ ಕಾಲು ಗಂಟೆ ಬಿಟ್ಟರೆ ಘಾಟು ಹದಕ್ಕೆ ಬರುತ್ತದೆ. ಮಾವಿನ ಕಾಲ ಮುಗಿದ ಮೇಲೆ ಅನಾನಸ್, ಇಲ್ಲವೇ ಬೇಯಿಸಿದ ಹಾಗಲದ ಜೊತೆ ಮೊಸರು. ಜೋಡಿ ಅದೇ. ಹೊತ್ತಿನ ಊಟಕ್ಕೆ ಬೇಕಾದಷ್ಟೇ ಮಾಡುವುದು; ಫ್ರಿಜ್ಜಿನಲ್ಲಿಟ್ಟ ಸಾಸಿವೆ ಮರುದಿನಕ್ಕೆ ಸಲ್ಲದು.

ಮೇ 17 ಮತ್ತು 18. ಕೋಕಂ: ಒಂದು ಸಾಮಾನು, ನಾಲ್ಕು ತಪ್ಪು

ಊರಿನ ಹುಣಸೆ ಮುಗಿದಿತ್ತು. ಇಲ್ಲಿ ಎಲ್ಲ ಅಂಗಡಿಯಲ್ಲೂ ಕೈಗೆಟಕುವುದು ಕೋಕಂ, ಮರಾಠಿಯಲ್ಲಿ ಆಮ್ಸುಲ್. ನಮ್ಮ ಕಡೆ ಪುನರ್ಪುಳಿ, ಮುರುಗಲು. 100 ಗ್ರಾಂ 70 ರೂಪಾಯಿ. ಕೈಗೆ ಒದ್ದೆ ಹತ್ತುವಷ್ಟು ಮೆತ್ತಗಿದ್ದದ್ದು ಹೊಸದು. ಬಿಳಿ ಪುಡಿ ಕಾಣಿಸಿದರೆ ಸಾಮಾನ್ಯವಾಗಿ ಅದು ಉಪ್ಪು, ಬೂಷ್ಟಲ್ಲ. ಆದರೂ ಮೂಸಿ ನೋಡಿ.

ತಪ್ಪು ಒಂದು: ಬೇಳೆಯ ಜೊತೆಗೇ ಕುಕ್ಕರಿಗೆ ಹಾಕಿದ್ದು. ಹುಳಿ ಬಿದ್ದ ಬೇಳೆ ಬೇಯುವುದಿಲ್ಲ. ಆರು ಸೀಟಿಯಾದರೂ ಕಾಳು ಕಾಳು. ತಪ್ಪು ಎರಡು: ಆ ಬೇಳೆಯನ್ನು ಉಳಿಸಲು ಕಬ್ಬಿಣದ ಬಾಣಲೆಗೆ ಸುರಿದು ಕುದಿಸಿದ್ದು. ಬಣ್ಣ ಚರಂಡಿ ನೀರು, ರುಚಿ ತುಕ್ಕು. ತಪ್ಪು ಮೂರು: ಮರುದಿನ ಬಾಟಲಿಯ ಆಗಳ ತಂದು, ಉಪ್ಪನ್ನೂ ಮಾಮೂಲಿನಂತೆ ಹಾಕಿದ್ದು. ಆಗಳ ಅಂದರೇ ಉಪ್ಪು ಹಾಕಿಟ್ಟ ಕೋಕಂ ರಸ. ಮೊದಲು ಆಗಳ, ಆಮೇಲೆ ರುಚಿ ನೋಡಿ ಉಪ್ಪು. ನಾಲ್ಕನೆಯದು ಕೆಳಗೆ ಇದೆ.

ನೆಟ್ಟಗೆ ಬಂದದ್ದು: ಕೋಕಂ, ಬೆಲ್ಲ, ಗೋಡಾ ಮಸಾಲೆ. ಇದು ನೆರೆಮನೆಯ ಆಮಟಿಯ (ಮರಾಠಿಯವರ ಹುಳಿ-ಸಿಹಿ ಬೇಳೆ ಸಾರು) ಜೋಡಿ, ಈಗ ನಮ್ಮ ಮನೆಯದೂ ಹೌದು. ಗೋಡಾ ಮಸಾಲೆಯ ಕಲ್ಲುಹೂ, ಎಳ್ಳು, ಒಣಕೊಬ್ಬರಿಯ ಕಪ್ಪು ಘಮಕ್ಕೆ ಹುಣಸೆ ಭಾರವಾಗುತ್ತದೆ. ಹುಣಸೆ ಹುಳಿಗೆ ಗೋಡಾ ಬೆರೆಸಿ ನೋಡಿದಾಗ ಎರಡೂ ಮಂಕಾದವು. ಕೋಕಂ ತೆಳುವಾದ ಹುಳಿ, ಮಸಾಲೆಗೆ ಜಾಗ ಬಿಡುತ್ತದೆ. ಮುಕ್ಕಾಲು ಲೋಟ ತೊಗರಿಬೇಳೆ ಬೆಂದ ಮೇಲೆ ಗೋಡಾ ಮಸಾಲೆ ಒಂದೂವರೆ ಚಮಚ, ಬೆಲ್ಲ 10 ಗ್ರಾಂ, ಬೆಚ್ಚಗಿನ ನೀರಲ್ಲಿ ಕಾಲು ಗಂಟೆ ನೆನೆದ ಕೋಕಂ 5 ಸಿಪ್ಪೆ ನೀರಿನ ಸಮೇತ. ಐದು ನಿಮಿಷ ಕುದಿ, ಸ್ಟೀಲ್ ಪಾತ್ರೆಯಲ್ಲಿ. ಊಟಕ್ಕೆ ಮೊದಲು ಸಿಪ್ಪೆ ತೆಗೆದುಬಿಡಿ. ರಾತ್ರಿವರೆಗೆ ಬಿಟ್ಟರೆ ಒಗರು ಇಳಿಯುತ್ತಲೇ ಇರುತ್ತದೆ.

ಇನ್ನೊಂದು ಜೋಡಿ ಕೋಕಂ ಮತ್ತು ಜುಮ್ಮನಕಾಯಿ ಎಂಬ ಸಣ್ಣ ಮಸಾಲೆ ಕಾಯಿ. ಕೊಂಕಣಿಯವರ ತೆಪ್ಪಳ, ಗೋವಾ ಮತ್ತು ಮಾಲ್ವಣದವರ ತಿರಫಳ. 50 ಗ್ರಾಂ 90 ರೂಪಾಯಿ. ಆರು ತಿಂಗಳಿಗೆ ಬರುತ್ತದೆ. ಬಂಗುಡೆ 4, ತೆಂಗಿನತುರಿ 80 ಗ್ರಾಂ, ಬ್ಯಾಡಗಿ 8, ಕೋಕಂ 5, ಜುಮ್ಮನಕಾಯಿ 8. ಮೀನು ತಿನ್ನದವರು ಆಲೂಗಡ್ಡೆಗೆ ಅಥವಾ ಅಲಸಂಡೆ ಕಾಳಿಗೆ ಇದನ್ನೇ ಹಾಕಬಹುದು. ನಾಲ್ಕನೇ ತಪ್ಪು ಆದದ್ದು ಇಲ್ಲಿ: ಕಾಯಿಯನ್ನು ಬೀಜದ ಸಮೇತ ತೆಂಗಿನ ಜೊತೆ ಅರೆದೆ. ನಾಲಿಗೆ ಅರ್ಧ ಗಂಟೆ ಜೋಮು ಹಿಡಿದ ಹಾಗೆ, ಬಾಯೆಲ್ಲ ಕಹಿ. ಅದು ಅರೆಯುವ ಸಾಮಾನಲ್ಲ. ಬಾಯಿ ಬಿಟ್ಟ ಕಾಯಿಯ ಒಳಗಿನ ಕಪ್ಪು ಹೊಳೆಯುವ ಬೀಜ ಉದುರಿಸಿ, ಸಿಪ್ಪೆಯನ್ನಷ್ಟೇ ಎರಡು ಚಮಚ ನೀರಲ್ಲಿ ಜಜ್ಜಿ, ಇಳಿಸುವ ಐದು ನಿಮಿಷ ಮುಂಚೆ ಹಾಕುವುದು. ಕಿತ್ತಳೆ ಸಿಪ್ಪೆ ಮುರಿದಂಥ ವಾಸನೆ ಎದ್ದರೆ ಸರಿಯಾಗಿದೆ.

ಮೇ 31. ಗುರೆಳ್ಳು ಮತ್ತು ಬೆಳ್ಳುಳ್ಳಿ

ಹುಬ್ಬಳ್ಳಿ, ಧಾರವಾಡದವರಿಗೆ ಹೇಳಬೇಕಾಗಿಲ್ಲ. ದಕ್ಷಿಣದವರು ಹುಚ್ಚೆಳ್ಳು ಎನ್ನುವುದೂ ಇದನ್ನೇ. ಇಲ್ಲಿಯ ಅಂಗಡಿಯಲ್ಲಿ ಕಾರಳೆ ಎಂದು ಕೇಳಿದರೆ ಸಿಗುತ್ತದೆ, 200 ಗ್ರಾಂ 60 ರೂಪಾಯಿ.

ಮೊದಲ ಪುಡಿಯಲ್ಲಿ ಮರಳು. ಕಾಳು ಕಪ್ಪು, ಮರಳೂ ಕಪ್ಪು, ಕಣ್ಣಿಗೆ ಕಾಣುವುದಿಲ್ಲ, ಹಲ್ಲಿಗೆ ಗೊತ್ತಾಗುತ್ತದೆ. ಎರಡನೇ ಸಲ ಅಗಲ ಬೋಗುಣಿಯಲ್ಲಿ ನೀರು ಹಾಕಿ, ಮೇಲೆ ತೇಲಿದ್ದನ್ನು ಜರಡಿಗೆ ಎತ್ತಿ, ತಳದಲ್ಲಿ ಕೂತದ್ದನ್ನು ಚೆಲ್ಲಿ, ಮೂರು ಸಲ ಹೀಗೆ. ಬಟ್ಟೆಯ ಮೇಲೆ ಒಂದು ಬಿಸಿಲು.

100 ಗ್ರಾಂ ಕಾಳು ಸಣ್ಣುರಿಯಲ್ಲಿ ನಾಲ್ಕು ನಿಮಿಷ, ಚಿಟಿಚಿಟಿ ಸದ್ದು ನಿಲ್ಲುವವರೆಗೆ. ಬೆಳ್ಳುಳ್ಳಿ 10 ಎಸಳು, ಬ್ಯಾಡಗಿ ಪುಡಿ ಎರಡು ಚಮಚ, ಜೀರಿಗೆ ಒಂದು, ಉಪ್ಪು ಒಂದೂವರೆ. ಮಿಕ್ಸಿಯಲ್ಲಿ ಅರೆದದ್ದು ಒಂದೇ ನಿಮಿಷಕ್ಕೆ ಎಣ್ಣೆ ಬಿಟ್ಟು ಗೋಡೆಗೆ ಮೆತ್ತಿದ ಮೇಣವಾಯಿತು. ಇದಕ್ಕೆ ಕುಟ್ಟಣಿಯೇ ಬೇಕು. ಕಾಳನ್ನು ಮೊದಲು ಕುಟ್ಟಿ, ಬೆಳ್ಳುಳ್ಳಿಯನ್ನು ಕೊನೆಗೆ. ಎಣ್ಣೆಗಾಯಿಗೆ ನಾಲ್ಕು ಬದನೆಗೆ ಮೂರು ದೊಡ್ಡ ಚಮಚ. ಹೀರೆಕಾಯಿ ಪಲ್ಯಕ್ಕೆ ಒಂದು. ಏನೂ ಇಲ್ಲದ ರಾತ್ರಿ ಮೊಸರಿನ ಮೇಲೆ ಉದುರಿಸಿ ರೊಟ್ಟಿಗೆ. ಬೆಳ್ಳುಳ್ಳಿಯ ಪಸೆ ಇರುವುದರಿಂದ ಹತ್ತು ದಿನದೊಳಗೆ ಮುಗಿಸುವುದು ಒಳ್ಳೆಯದು, ಅದೂ ಫ್ರಿಜ್ಜಿನಲ್ಲಿಟ್ಟು.

ಜೂನ್ 21. ಮಳೆ

ಮಳೆ ಹಿಡಿದ ಒಂದೇ ವಾರಕ್ಕೆ ಹುಳಿಪುಡಿ ಬಟ್ಟಲಲ್ಲಿ ಹೆಂಟೆ. ಹವೆಯ ತೇವ ಒಂದು ಕಾರಣ, ಅದಕ್ಕಿಂತ ದೊಡ್ಡದು ಕೈಚಳಕ: ಕುದಿಯುವ ಪಾತ್ರೆಯ ಮೇಲೆ ಬಟ್ಟಲು ಹಿಡಿದು ಉದುರಿಸುವುದು. ಹಬೆ ನೇರ ಬಟ್ಟಲಿಗೆ. ಈಗ ಒಣ ಚಮಚದಲ್ಲಿ ತಟ್ಟೆಗೆ ತೆಗೆದು, ತಟ್ಟೆಯಿಂದ ಪಾತ್ರೆಗೆ. ಬಟ್ಟಲಲ್ಲಿ ವಾರಕ್ಕೆ ಸಾಕಾಗುವ 40 ಗ್ರಾಂ ಮಾತ್ರ, ಉಳಿದದ್ದು ಬಿಗಿ ಮುಚ್ಚಳದ ಶೀಶೆಯಲ್ಲಿ. ಕಾಳುಗಳಿಗೆ ಏನೂ ಆಗಲಿಲ್ಲ. ಪುಡಿಗಿಂತ ಕಾಳು ತುಂಬಿಸುವುದೇ ಮುಂಬಯಿ ಮಳೆಗೆ ಲೇಸು.

ಈಗ ಡಬ್ಬಿಯಲ್ಲಿ ಇರುವುದು

ನಡುವಿನ ಬಟ್ಟಲಲ್ಲಿ ಎರಡಾಗಿ ಮುರಿದ ಬ್ಯಾಡಗಿ. ಸುತ್ತ ಜೀರಿಗೆ, ಕಾಳುಮೆಣಸು, ಅರಿಸಿನ, ಹುಳಿಪುಡಿ, ಬರೀ ಸಾಸಿವೆ. ಆರನೆಯದರಲ್ಲಿ ಸಾಸಿವೆ ಎರಡು ಪಾಲು, ಉದ್ದಿನಬೇಳೆ ಒಂದು ಪಾಲು ಬೆರೆಸಿದ್ದು, ಒಂದೇ ಚಮಚಕ್ಕೆ ಪಲ್ಯದ ಒಗ್ಗರಣೆ ಮುಗಿಯುತ್ತದೆ. ಎಣ್ಣೆ ಮಧ್ಯಮ ಬಿಸಿ ಇರಬೇಕು. ಹೊಗೆ ಬಂದರೆ ಸಾಸಿವೆ ಸಿಡಿದು ಮುಗಿಯುವ ಮೊದಲೇ ಉದ್ದು ಕಪ್ಪು. ಇಂಗು, ಗೋಡಾ, ಗುರೆಳ್ಳು, ಜುಮ್ಮನಕಾಯಿ ಡಬ್ಬಿಯ ಹೊರಗೆ. ಗರಂ ಮಸಾಲೆ ಮೂರು ತಿಂಗಳಲ್ಲಿ ಎರಡು ಸಲ ಬೇಕಾಯಿತು, ಅದೂ ನೆಂಟರು ಬಂದಾಗ ಛೋಲೆಗೆ.

ಬಾಕಿ

ಹುಳಿಪುಡಿಯ ಘಮ ಮಳೆಗಾಲದಲ್ಲಿ ಮೂರನೇ ವಾರಕ್ಕೆ ಸೋಲುತ್ತಿದೆ. ಅರ್ಧ ಅಳತೆಗೆ ಇಳಿಸಿ ಧನಿಯಾ 80, ಬ್ಯಾಡಗಿ 25, ಸಂಕೇಶ್ವರಿ 5, ಜೀರಿಗೆ 20, ಮೆಂತ್ಯ 4 ಎಂದು ಜೂನ್ 28ಕ್ಕೆ ಮಾಡಿದ್ದೂ ಸಮಾಧಾನ ತರಲಿಲ್ಲ. ಬಿಸಿಲಿಲ್ಲದೆ ಧನಿಯಾದಲ್ಲಿ ಉಳಿದ ತೇವವೇ ಕಾರಣ ಇರಬೇಕೆಂದು ಈಗ ಬಾಣಲೆ ಕಾಸಿ, ಒಲೆ ಆರಿಸಿ, ಧನಿಯಾ ಹರಡಿ ಇಡೀ ರಾತ್ರಿ ಬಿಟ್ಟಿದ್ದೇನೆ. ಸಂಜೆ ತೂಗಿದಾಗ 80 ಗ್ರಾಂ, ಬೆಳಗ್ಗೆ 77. ನಾಳೆ ಹುರಿಯುವುದು.